ನಿಂಬೆವ್ವನ ನೂಲು

ಗುಂಡಕಲ್ಲಿನ ಮೇಲೆ ಹುಟ್ಟುವ ಕೂಸಿಗೆ ಹೆಸರಿಗಿಂತ ಮೊದಲು ನೂಲು ಬರುತ್ತದೆ. ಬಸುರಿಗೆ ಮಡಿಲು ತುಂಬಿ ಕುಬುಸ ಮಾಡಿದ ಮೇಲೆ ನೆಂಟರ ಒಂದೊಂದು ಮನೆಯಿಂದಲೂ ಒಂದೊಂದು ಎಳೆ ಕಳಿಸುತ್ತಾರೆ. ಕಳಿಸುವವರು ಆ ಎಳೆಯನ್ನು ತಮ್ಮ ಮನೆಯ ಗೋಡೆಯ ಬುಡಕ್ಕೆ ಒಂದು ಸುತ್ತು ಹಾಸಿ, ತುದಿಗೆ ತುದಿ ಮುಟ್ಟಿದ ಕಡೆ ಕತ್ತರಿಸಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಂದ ಎಳೆಗಳನ್ನೆಲ್ಲ ಕೂಡಿಸಿ ಹೊಸೆದರೆ ತೊಟ್ಟಿಲ ಹಗ್ಗವಾಯಿತು. ಬಳಗದ ಮನೆಗಳೆಲ್ಲ ಕೂಸನ್ನು ಎತ್ತಿ ಹಿಡಿದಂತೆ ಎಂದು ಹಿರಿಯರು ಹೇಳುತ್ತಿದ್ದರು.

ಫಕೀರವ್ವ ಹಾಗೆ ಬಂದ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತ ಕೂತಿದ್ದಳು. ಮಗಳು ಕಸ್ತೂರಿಗೆ ದಿನ ತುಂಬಿದ್ದವು. ಅವಳು ಗೋಡೆಗೆ ಒರಗಿ, ಕಾಲು ನೀಡಿಕೊಂಡು ನೋಡುತ್ತಿದ್ದಳು. ಅತ್ತೆಯ ಮನೆಯ ಕೆಂಪು ಎಳೆ, ನಾದಿನಿಯ ಮನೆಯ ಹಳದಿ ಎಳೆ, ಒಂದೊಂದೂ ಎಳೆದಷ್ಟು ಬಂದು ನೆಲದ ಮೇಲೆ ಗುಡ್ಡೆಯಾದವು. ಕೊನೆಗೆ ಉಳಿದದ್ದು ನೀಲಿ. ಅದು ಫಕೀರವ್ವನ ಒಡಹುಟ್ಟಿದ ತಂಗಿ ನಿಂಬೆವ್ವ ಕಳಿಸಿದ್ದು. ಅವಳು ಮದುವೆಯಾಗಿ ಗುಂಡಕಲ್ಲಿನ ಆಚೆ ಮಗ್ಗಲಿಗೆ ಹೋದವಳು, ಅಲ್ಲಿಂದ ಈಚೆಗೆ ಬಂದದ್ದು ಕಡಿಮೆ. ಆ ಮದುವೆಯ ಮೇಲೆ ಫಕೀರವ್ವ ಆಚೆಗೆ ಹೋಗಿರಲೇ ಇಲ್ಲ. ಫಕೀರವ್ವ ನೀಲಿ ಎಳೆಯ ತುದಿ ಹಿಡಿದು ಎಳೆದಳು. ನಾಲ್ಕು ಸಲ ಕೈ ಆಡಿಸುವುದರೊಳಗೆ ಇನ್ನೊಂದು ತುದಿ ಕೈಗೆ ಬಂತು.

“ಇಷ್ಟೇನು?” ಫಕೀರವ್ವ ಎಳೆಯನ್ನು ಮೇಲೆತ್ತಿ ಹಿಡಿದಳು. “ಒಂದು ಸೀರಿ ಉದ್ದ ಇಲ್ಲಲ್ಲ ಇದು! ಮನಿ ಸುತ್ತ ಹಾಸ್ಯಾಳೋ, ಕೋಳಿಗೂಡಿನ ಸುತ್ತ ಹಾಸ್ಯಾಳೋ?”

“ಆಚಿ ಮಗ್ಗಲದವ್ರ ಕೈ ಬಿಗಿ ಅಂತ ನೀನ ಅಂತಿದ್ದೆಲ್ಲಬೇ,” ಎಂದು ಕಸ್ತೂರಿ ನಕ್ಕಳು.

ಆ ಮಾತು ಊರಿಗೆಲ್ಲ ಗೊತ್ತಿದ್ದದ್ದೇ. ಆಚೆ ಮಗ್ಗಲಿನಿಂದ ಬರುವ ನೂಲು ಯಾವಾಗಲೂ ಗಿಡ್ಡ. ಈಚೆಯವರು ಅದನ್ನು ಹೊಸೆಯುವಾಗ ಒಬ್ಬರ ಮುಖ ಒಬ್ಬರು ನೋಡಿ ತುಟಿ ತಿರುವುತ್ತಿದ್ದರು. ಒಂದು ಎಳೆ ನೂಲಿಗೂ ಕೈ ಹಿಡಿಯುವ ಜನ ಎಂಬ ಹೆಸರು ಅವರಿಗೆ ಬಂದುಬಿಟ್ಟಿತ್ತು.

“ಊರಮಂದಿ ಬ್ಯಾರೆ, ನನ್ನ ತಂಗಿ ಬ್ಯಾರೆ. ನನ್ನ ತಾಟಿನಾಗಿನ ರೊಟ್ಟಿ ತಿಂದು ಬೆಳದಾಕಿ. ನನ್ನ ಮೊಮ್ಮಗನ ತೊಟ್ಟಿಲಕ್ಕ ಇಷ್ಟ ಕಳಸ್ತಾಳಂದ್ರ ಆಕಿ ಮನಸಿನಾಗ ಏನೋ ಐತಿ. ಒಯ್ದು ಆಕಿ ಮಾರಿ ಮ್ಯಾಲ ಒಗದು ಬರ್ತೀನಿ.”

“ನನ್ನ ಇಂಥಾ ಹೊತ್ತಿನಾಗ ಬಿಟ್ಟು ಹೊಕ್ಕಿಯೇನಬೇ?”

“ಹಿಂಗ ಹೋಗಿ ಹಂಗ ಬರ್ತೀನಿ. ಸೂಲಗಿತ್ತಿ ಗೌರವ್ವ ನಿನ್ನ ಮಗ್ಗಲ್ದಾಗ ಇರ್ತಾಳ.”

ಗುಂಡಕಲ್ಲು ಎಂದರೆ ರುಬ್ಬುವ ಕಲ್ಲಲ್ಲ. ಅದು ಆಕಾಶದಲ್ಲಿ ತಿರುಗುವ ಒಂದು ದುಂಡನೆಯ ಬಂಡೆ. ಫಕೀರವ್ವನ ಅಜ್ಜ ಅಜ್ಜಿಯರ ಕಾಲಕ್ಕೆ ಬಯಲುಸೀಮೆಯ ಜನ ಅಲ್ಲಿಗೆ ಹೋಗಿ ನೆಲೆಸಿದರು. ದೂರದಿಂದ ಕಂಡವರು ಯಾರೋ ಗುಂಡಕಲ್ಲಿನ ಹಾಗಿದೆ ಎಂದರು, ಅದೇ ಹೆಸರಾಯಿತು. ಬಂಡೆ ಚಿಕ್ಕದು, ಅದರ ಸೆಳೆತವೂ ಕಡಿಮೆ. ಸೊಂಟಕ್ಕೆ ಭಾರದ ಪಟ್ಟಿ ಕಟ್ಟಿಕೊಂಡೇ ಓಡಾಡಬೇಕು. ಹೊರಗೆ ಗಾಳಿ ಇಲ್ಲ. ಹಾಗಾಗಿ ಒಂದೊಂದು ಮನೆಯೂ ಒಂದೊಂದು ಗುಮ್ಮಟ. ಗುಮ್ಮಟದ ಬುಡಕ್ಕೆ ಲೋಹದ ದುಂಡು ಬಳೆ. ಆ ಬಳೆಯನ್ನು ಬಂಡೆಗೆ ಜಡಿದಿಲ್ಲ. ಒಂದು ಬಳೆ ಸುತ್ತಲಿನ ಬಳೆಗಳಿಗೆ ತಾಗಿ ನಿಂತಿದೆ, ಅವು ಇನ್ನೊಂದಿಷ್ಟಕ್ಕೆ ತಾಗಿವೆ. ಹೀಗೆ ಬಳೆಗಳೇ ಇಡೀ ಬಂಡೆಯನ್ನು ತಬ್ಬಿವೆ, ಗಡಿಗೆಯನ್ನು ಹಗ್ಗದ ನೆಲುವು ತಬ್ಬಿದ ಹಾಗೆ. ಎರಡು ಬಳೆ ತಾಗುವ ಜಾಗಕ್ಕೆ ಒತ್ತು ಎನ್ನುತ್ತಾರೆ. ಗಾಳಿ, ನೀರು, ಮನುಷ್ಯರು ಹಾಯುವುದೆಲ್ಲ ಒತ್ತಿನ ಬಾಗಿಲಲ್ಲೇ. ಒಂದು ಒತ್ತು ಬಿಟ್ಟರೂ ನೆಲುವು ಸಡಿಲವಾಗುತ್ತದೆ. ಆಮೇಲೆ ಒಳಗಿನ ಗಾಳಿ ಗುಮ್ಮಟಗಳನ್ನೆಲ್ಲ ಎತ್ತಿ ಆಕಾಶಕ್ಕೆ ಎಸೆದುಬಿಡುತ್ತದೆ.

ಅದಕ್ಕೇ ಒತ್ತುಮನೆ ಎಂದು ಒಂದಿದೆ. ಅದರ ಗೋಡೆಯ ತುಂಬ ದೀಪಗಳು, ಒಂದೊಂದು ಒತ್ತಿಗೆ ಒಂದೊಂದು. ಹಸಿರಾಗಿದ್ದರೆ ಒತ್ತು ಗಟ್ಟಿ ಇದೆ ಎಂದು. ಆ ದೀಪಗಳ ಮುಂದೆ ಕೂರುವುದು ಫಕೀರವ್ವನ ಕೆಲಸವಾಗಿತ್ತು. ಇನ್ನೊಂದು ಕೆಲಸ ಕಾವಿನ ಚಕ್ರದ್ದು. ಯಾರ ಮನೆಯಲ್ಲಾದರೂ ಹೆಣ್ಣುಮಗಳಿಗೆ ನೋವು ಶುರುವಾದರೆ ಚಕ್ರ ತಿರುಗಿಸಿ ಆ ಮನೆಯ ಬಳೆಗೆ ಕಾವು ಕೊಡುತ್ತಾರೆ. ಬಳೆ ಹಿಗ್ಗಿ, ಕೂಸಿಗೆ ತಾವಾಗುತ್ತದೆ. ಸುತ್ತಲಿನ ಬಳೆಗಳು ಒತ್ತು ಬಿಡದ ಹಾಗೆ ತಾವೇ ಒಂದಿಷ್ಟು ಸರಿದುಕೊಳ್ಳುತ್ತವೆ. ಸೂಲಗಿತ್ತಿಯರೆಲ್ಲ ಈಚೆ ಮಗ್ಗಲಿನಲ್ಲಿ ಇದ್ದುದರಿಂದ ಆಚೆಯ ಬಸುರಿಯರೂ ಈಚೆಯ ನೆಂಟರ ಮನೆಗೇ ಬರುತ್ತಿದ್ದರು, ಹೆರಿಗೆಗಳೆಲ್ಲ ಈಚೆಯೇ ಆಗುತ್ತಿದ್ದವು. ಹಿಗ್ಗಿಸಿದ ಮನೆಯನ್ನು ಮತ್ತೆ ಕುಗ್ಗಿಸುವ ಪದ್ಧತಿ ಇರಲಿಲ್ಲ. ತೊಟ್ಟಿಲು ಕಟ್ಟಿದ ಮನೆಯನ್ನು ಕಿರಿದು ಮಾಡುವುದು ಅಪಶಕುನ ಎಂದು ಎಲ್ಲರೂ ನಂಬಿದ್ದರು.

ಒತ್ತುಮನೆಯ ನಡುವೆ ಗಾಜಿನ ಬಳೆಗಳ ಒಂದು ಚೆಂಡನ್ನು ತೂಗುಬಿಟ್ಟಿದ್ದರು. ಮೊದಲು ಬಂದ ಹೆಂಗಸರು ತಮ್ಮ ಕೈಬಳೆಗಳನ್ನು ತಾಗುವಲ್ಲಿ ತಾಗುವಲ್ಲಿ ದಾರದಿಂದ ಕಟ್ಟಿ ಮಾಡಿದ್ದು. ಹೊಸಬರು ಕೆಲಸಕ್ಕೆ ಬಂದರೆ ಎಂಜಿನಿಯರ್ ಶಕುಂತಲಾಬಾಯಿ ಹೂಗಾರ ಅದನ್ನು ಕೈಗೆ ಕೊಟ್ಟು, “ಹಿಚುಕಿ ನೋಡ್ರಿ,” ಎನ್ನುತ್ತಿದ್ದರು. ಎಷ್ಟು ಹಿಚುಕಿದರೂ ಚೆಂಡು ಸೊಟ್ಟಗಾಗುತ್ತಿರಲಿಲ್ಲ. “ಯಾವ ಬಳಿ ಯಾವ ಬಳಿಗೆ ತಾಗೇತಿ ಅನ್ನೋದು ಗಟ್ಟಿ ಇತ್ತಂದ್ರ ಇಡೀ ಆಕಾರ ಗಟ್ಟಿ. ಒತ್ತು ಕಾಯ್ರಿ, ಉಳಿದದ್ದು ತನ್ನಷ್ಟಕ ತಾನ ಇರ್ತೈತಿ.”

ಮರುದಿನ ಬೆಳಿಗ್ಗೆ ಫಕೀರವ್ವ ರಜೆ ಕೇಳಲು ಒತ್ತುಮನೆಗೆ ಹೋದಾಗ ಫೋನು ಬಡಿಯುತ್ತಿತ್ತು. ಆಚೆ ಮಗ್ಗಲಿನ ಮುದುಕರೊಬ್ಬರು. “ಯವ್ವಾ, ಭಾಳ ಇಕ್ಕಟ್ಟಾಗೇತಿ,” ಎಂದರು.

ಫಕೀರವ್ವ ದೀಪಗಳ ಕಡೆ ಕಣ್ಣಾಡಿಸಿದಳು. ಎಲ್ಲ ಹಸಿರು. “ಒತ್ತು ಎಲ್ಲಾ ಸರಿ ಅದಾವಪಾ ಯಜ್ಜಾ,” ಎಂದು ಫೋನಿಟ್ಟಳು. ವರ್ಷಗಟ್ಟಲೆಯಿಂದ ಅವಳು ಹೇಳುತ್ತ ಬಂದ ಉತ್ತರ ಅದು. ಸುಳ್ಳೂ ಆಗಿರಲಿಲ್ಲ.

ನೀಲಿ ಎಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಫಕೀರವ್ವ ಹೊರಟಳು. ಆಚೆ ಮಗ್ಗಲಿಗೆ ಹೋಗುವುದೆಂದರೆ ಮನೆಯಿಂದ ಮನೆಗೆ ದಾಟುತ್ತ ಹೋಗುವುದೇ. ದಾಟುವವರಿಗೆ ಯಾರೂ ಅಡ್ಡಿ ಹೇಳುವುದಿಲ್ಲ. ಒಂದು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ಕೂತು ತಿಂದು ಹೋಗು ಎಂದರು, ಇನ್ನೊಂದರಲ್ಲಿ ಯಾವ ಕಡೆ ಪಯಣ ಎಂದು ಕೇಳಿದರು. ಫಕೀರವ್ವ ಸಿಟ್ಟಿನಲ್ಲಿ ಬರೀ ತಲೆಯಾಡಿಸಿ ಮುಂದೆ ಹೋದಳು. ತಂಗಿಗೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಅರ್ಧ ದಾರಿಯಲ್ಲಿ ಒಂದು ಬಾಗಿಲಿಗೆ ಹಣೆ ಬಡಿಯಿತು. ಸಿಟ್ಟಿನಲ್ಲಿ ನೋಡದೆ ಬಂದೆ ಎಂದುಕೊಂಡು ತಲೆ ತಗ್ಗಿಸಿದಳು. ಮುಂದಿನ ಬಾಗಿಲಿಗೆ ಸೊಂಟ ಬಗ್ಗಿಸಬೇಕಾಯಿತು. ಅಲ್ಲಿಂದಾಚೆಗೆ ಬೆನ್ನು ನೆಟ್ಟಗೆ ಮಾಡಲು ಆಗಲೇ ಇಲ್ಲ. ಮನೆಗಳ ಮಾತುಕತೆ ಕಡಿಮೆಯಾಗುತ್ತ ಬಂತು. ಜನ ಗೋಡೆಗೆ ಅಂಟಿ ಕೂತು ದಾರಿ ಬಿಡುತ್ತಿದ್ದರು. ಒಂದು ಮನೆಯಲ್ಲಿ ಒಬ್ಬ ಗಂಡಸು ಮಲಗಿದ್ದ, ಅವನ ಕಾಲು ಪಕ್ಕದ ಮನೆಯ ಒತ್ತಿನಲ್ಲಿ ಚಾಚಿತ್ತು. ಫಕೀರವ್ವ ಆ ಕಾಲುಗಳನ್ನು ದಾಟಲು ಹೋಗಿ ಮೊಣಕಾಲೂರಿದಳು. ಆಮೇಲೆ ಏಳಲೇ ಇಲ್ಲ. ಅಂಬೆಗಾಲಿಕ್ಕುತ್ತಲೇ ಹೋದಳು. ಬಾಯಿಪಾಠ ಮಾಡಿದ ಮಾತುಗಳು ಎಲ್ಲಿಯೋ ಉದುರಿಹೋಗಿದ್ದವು.

“ಯಾರದು? ಅಕ್ಕಾ?”

ನಿಂಬೆವ್ವ ಮೊಣಕಾಲುಗಳನ್ನು ಎದೆಗೆ ತಂದುಕೊಂಡು, ತಬ್ಬಿ ಕೂತಿದ್ದಳು. ಅವಳ ತಲೆಯ ಮೇಲೆ ಗುಮ್ಮಟ ಒಂದು ಗೇಣು ದೂರದಲ್ಲಿತ್ತು. ಎದುರಿಗೆ ಒಂದು ಒಲೆ, ಒಂದು ಕೊಡ, ಗೋಡೆಯಲ್ಲಿ ಫೋನು. ಇನ್ನೊಂದು ಕಡೆ ಒತ್ತಿನ ಬಾಗಿಲಲ್ಲಿ ಅವಳ ಗಂಡ ದುಂಡಪ್ಪ ಅರ್ಧ ಒಳಗೆ ಅರ್ಧ ಹೊರಗೆ ಕೂತಿದ್ದ.

“ಬರ್ರಿ ಅಕ್ಕಾರ,” ಎಂದ ದುಂಡಪ್ಪ. “ನೀವು ಪೂರಾ ಒಳಗ ಬಂದ್ರ ನಾ ಪೂರಾ ಹೊರಗ ಹೊಕ್ಕೀನಿ. ನಮ್ಮ ಮನ್ಯಾಗ ಬೀಗರಿಗೆ ಮರ್ಯಾದಿ ಮಾಡೂದು ಹಿಂಗ.”

ಫಕೀರವ್ವ ನಗಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ನೀಲಿ ಎಳೆಯ ತುದಿಯನ್ನು ಗೋಡೆಯ ಬುಡಕ್ಕೆ ಇಟ್ಟು, ತಂಗಿಯ ಬೆನ್ನ ಹಿಂದೆ, ಒಲೆಯ ಹಿಂದೆ, ತನ್ನ ಕಾಲ ಹಿಂದೆ ಹಾಸುತ್ತ ಬಂದಳು. ತುದಿಗೆ ತುದಿ ಕೂಡಿತು.

“ಸರಿ ಐತಲ್ಲ?” ಎಂದಳು ನಿಂಬೆವ್ವ. “ಒಂದು ಬೆರಳು ಹೆಚ್ಚ ಕೊಡಬೇಕು ಅಂತ ಭಾಳ ಅನಿಸ್ತು. ಸುಳ್ಳು ನೂಲು ತೊಟ್ಟಿಲಕ್ಕ ಆಗೂದಿಲ್ಲಂತ ಬಿಟ್ಟೆ.”

“ನಿಂಬೀ, ಇದೇನಿದು? ನಿಮ್ಮದು ಮಗ್ಗದ ಮನಿ. ಮಗ್ಗ ಎಲ್ಲೈತಿ?”

“ಅಲ್ಲಿ.” ನಿಂಬೆವ್ವ ಗೋಡೆಯ ಕಡೆಗೆ ಬೆರಳು ಮಾಡಿದಳು. “ಅದರ ಜಾಗಾ ಗ್ವಾಡಿ ಆಚಿಗೆ ಐತಿ. ಮಗ್ಗ ಬಿಚ್ಚಿ ಒಲಿಗೆ ಹಾಕಿದ್ವಿ. ಕಾಲು ಇಳಿಬಿಟ್ಟು ಕೂತು ನೇಯೂ ಮಗ್ಗದ ಕುಣಿ ಮಾತ್ರ ಕಲ್ಲಿನಾಗ ಹಂಗ ಐತಿ, ಅದರ ಮ್ಯಾಲ ಬಳಿ ನಡಕೊಂತ ಬಂತು. ನೀ ಕಸ್ತೂರಿನ್ನ ಹಡದ ದಿನಾ ಕುಣಿ ಪೂರಾ ಆಚಿಗೆ ಹೋತು.”

“ನಾ ಹಡದ್ರ ನಿನ್ನ ಮನಿಗೇನಾತು?”

ನಿಂಬೆವ್ವ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಬಳೆಯಲ್ಲಿ ಟಿಕ್ ಎಂದು ಸದ್ದಾಯಿತು. ಇನ್ನೊಂದು ಸಲ ಟಿಕ್. ಫಕೀರವ್ವನ ಬೆನ್ನಿಗೆ ಯಾರೋ ಮೆಲ್ಲಗೆ ಕೈಯಿಟ್ಟು ನೂಕಿದ ಹಾಗಾಯಿತು. ತಿರುಗಿ ನೋಡಿದರೆ ಗೋಡೆ. ಕಣ್ಣೆದುರಿಗೆ ಗೋಡೆ ಬರುತ್ತಿತ್ತು. ಕೊಡ ಕಲ್ಲಿನ ಮೇಲೆ ಕಿರ್ರೆಂದು ಸರಿಯಿತು. ನೆಲದ ಮೇಲೆ ಹಾಸಿದ್ದ ನೀಲಿ ಎಳೆಯ ತುದಿಗಳು ಒಂದರ ಮೇಲೊಂದು ಏರಿದವು.

ದುಂಡಪ್ಪ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಿಂಬೆವ್ವ ಕಣ್ಣು ಮುಚ್ಚಿ ಕೈ ಮುಗಿದಳು. “ಯಾವ ತಾಯಿನೋ, ಸುಖಾ ಹೆರಿಗಿ ಆಗಲಿ. ತಾಯಿ ಕೂಸು ಎರಡೂ ಬ್ಯಾರೆ ಬ್ಯಾರೆ ಆಗ್ಲಿ,” ಎಂದಳು. ಒತ್ತಿನ ಆಚೆಯ ಮನೆಯಿಂದ, ಅದರಾಚೆಯ ಮನೆಯಿಂದಲೂ ಅದೇ ಹರಕೆ ಸಣ್ಣಗೆ ಕೇಳಿಸಿತು.

ಫಕೀರವ್ವ ಸರಿಯುತ್ತಿದ್ದ ಕೊಡವನ್ನು ಹಿಡಿದುಕೊಂಡಳು. “ಇದು… ಹೆರಿಗಿ ಅಂತ ನಿಮಗ ಹೆಂಗ ಗೊತ್ತು?”

“ಗ್ವಾಡಿ ಒತ್ತಿದ ಮರುದಿನ ಫೋನು ಬರ್ತೈತಿ, ಇಂಥವ್ರ ಮನ್ಯಾಗ ಕೂಸು ಹುಟ್ಟೇತಿ ಅಂತ. ಎಷ್ಟು ವರ್ಷದಿಂದ ನೋಡೀವಿ. ಒಂದೂ ತಪ್ಪಿಲ್ಲ.”

“ಹೇಳಾಕ ಏನಾಗಿತ್ತ ನಿನಗ!”

“ಇಕ್ಕಟ್ಟಾಗೇತಿ ಅಂತ ನಮ್ಮ ಹಿರೇರು ಇದ ಫೋನಿನಾಗ ಹೇಳಿದ್ರು. ಒತ್ತು ಸರಿ ಅದಾವ ಅಂದ್ರಿ. ನೀನ ಅಂದಿ ಅಕ್ಕಾ, ನಿನ್ನ ದನಿ ನನಗ ಗುರ್ತು ಹತ್ತೂದಿಲ್ಲೇನು?” ನಿಂಬೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. “ಅದಕ್ಕಿಂತ ಹೆಚ್ಚ ಏನಂತ ಹೇಳೂದು? ನೀವು ಹಡೀಬ್ಯಾಡ್ರಿ ಅಂತ ಹೇಳೂದೇನು? ಆ ಮಾತು ಯಾವ ಬಾಯಿಂದ ಆಡೂದು?”

ಬಳೆ ಮತ್ತೆ ಟಿಕ್ ಎಂದಿತು. ನಿಂಬೆವ್ವನ ಹಿಂದೆ ಲೋಹದ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆಯೊಂದು ಮೂಡಿತ್ತು. ಫಕೀರವ್ವ ಫೋನು ಕಿತ್ತುಕೊಂಡಳು.

“ಫಕೀರವ್ವಾ? ಛಲೋ ಆತು ನೀವ ಮಾಡಿದ್ರಿ,” ಎಂದರು ಶಕುಂತಲಾಬಾಯಿ ಅತ್ತ ಕಡೆಯಿಂದ. “ಕಸ್ತೂರಿಗೆ ಬ್ಯಾನಿ ಸುರು ಆಗ್ಯಾವ. ನಿಮ್ಮ ಮನಿ ಹಿಗ್ಗಸಾಕ ಹತ್ತೀವಿ.”

ಕಸ್ತೂರಿ. ಫಕೀರವ್ವ ಗೋಡೆಗೆ ಕೈಯೂರಿದಳು. ತನ್ನ ಬೆನ್ನನ್ನು ನೂಕಿದ್ದು ತನ್ನ ಮಗಳ ನೋವು. ನಾದಿನಿಯ ಹೆರಿಗೆ, ನೆರೆಹೊರೆಯ ಹೆರಿಗೆ, ತನ್ನ ಹೆರಿಗೆಗಳು, ತಾನೇ ನಗುನಗುತ್ತ ತಿರುಗಿಸಿದ ಚಕ್ರ, ಎಲ್ಲವೂ ಈ ಗೋಡೆಗೆ ಬಂದು ತಾಗಿದ್ದವು.

“ನಿಲ್ಲಸ್ರಿ ಬಾಯೀ! ಚಕ್ರಾ ನಿಲ್ಲಸ್ರಿ! ಇಲ್ಲಿ ನನ್ನ ತಂಗಿ ಮನಿ ಕುಗ್ಗಾಕ ಹತ್ತೇತಿ. ಬಳಿ ಬಿರಿಯಾಕ ಹತ್ತೇತಿ!”

“ಅದೆಂಗ? ದೀಪಾ ಎಲ್ಲಾ ಹಸಿರ ಅದಾವಲ್ಲ…”

“ದೀಪಾ ಸುಡ್ರಿ! ನಾ ಕೂತ ಮನ್ಯಾಗ ಕಾಲು ಚಾಚಾಕ ಬರಂಗಿಲ್ಲ!”

ಅತ್ತ ಕಡೆ ಚಕ್ರ ನಿಂತ ಸದ್ದು ಕೇಳಿಸಿತು. ಆಮೇಲೆ ಗಾಜು ಗಾಜಿಗೆ ತಾಗಿದ ಸಣ್ಣ ಸದ್ದು ಮಾತ್ರ. ಶಕುಂತಲಾಬಾಯಿ ಬಳೆಯ ಚೆಂಡನ್ನು ಕೈಗೆ ತೆಗೆದುಕೊಂಡಿದ್ದರು. ಮತ್ತೆ ಮಾತಾಡಿದಾಗ ಅವರ ದನಿ ಬೇರೆಯವರದೆಂಬಂತೆ ಇತ್ತು.

“ಫಕೀರವ್ವಾ, ಚೆಂಡಿನ ಮ್ಯಾಲಿನ ಬಳಿ ಬಾಯಾಗ ಬ್ಯಾಟರಿ ಹಿಡದೀನಿ. ನೆರಳು ನೆಲದ ಮ್ಯಾಲ ಬಿದ್ದೈತಿ. ಎಲ್ಲಾ ನೆರಳೂ ದುಂಡಗ ಅದಾವ. ಒಂದಕ್ಕೊಂದು ತಾಗೇ ಅದಾವ. ಒಂದೂ ಒತ್ತು ಬಿಟ್ಟಿಲ್ಲ. ಆದರ ಬ್ಯಾಟರಿ ಹತ್ರ ಇದ್ದದ್ದರ ನೆರಳು ಚಕ್ಕಡಿ ಗಾಲಿಯಷ್ಟು, ತಳದಾಗಿಂದು ಬಳಿಯಷ್ಟ.” ಅವರು ಉಸಿರೆಳೆದುಕೊಂಡರು. “ಒತ್ತು ಗಟ್ಟಿ ಇದ್ರ ಅಳತಿನೂ ಗಟ್ಟಿ ಅಂತ ತಿಳಕೊಂಡಿದ್ದೆ. ಅಳತಿ ಹರಿದಾಡ್ತೈತಿ. ಒಂದು ಕಡೆ ಹಿಗ್ಗಿ, ಎದುರಿನ ಕಡೆ ಕುಗ್ಗಿ, ಇಡೀ ನೆಲುವು ಒಟ್ಟಿಗೆ ಜಾರತೈತಿ. ಒತ್ತು ಬಿಡದಂಗ ಸರಿಯಾಕ ಬಳಿಗೋಳಿಗೆ ಇರೂದು ಅದೊಂದ ದಾರಿ. ಪ್ರತಿ ಹೆರಿಗಿಗೂ ಅದ ದಾರಿಲೇ ಜಾರ್ಯಾವ. ನಾವು ನೋಡಿದ್ದು ಬರೇ ಒತ್ತು. ಅಗಲ ಅಳದವ್ರು ಯಾರೂ ಇಲ್ಲ.”

ಅಗಲ ಅಳೆದದ್ದು ಒಂದೇ, ನೂಲು. ಅದು ಗಿಡ್ಡವಾಗಿ ಬಂದಾಗಲೆಲ್ಲ ತಾನೂ ಸೇರಿ ಈಚೆಯವರೆಲ್ಲ ತುಟಿ ತಿರುವಿದ್ದರು. ಫಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

“ಹೊಳ್ಳಿ ಸರಿ ಆಗ್ತೈತೇನ್ರಿ?”

“ಆಗ್ತೈತಿ. ಯಾರೂ ಯಾರನ್ನೂ ಬಿಟ್ಟಿಲ್ಲಲ್ಲ, ಅದಕ್ಕ ಹಳೇ ಆಕಾರ ಎಲ್ಲೂ ಹೋಗಿಲ್ಲ. ಎಲ್ಲಾ ಒತ್ತಿನ ತೂಕ ಕೂಡಿ, ಯಾವ ಕಡೆನೂ ವಾಲದಂಗ, ಕಲ್ಲಿನ ನಟ್ಟನಡುವ ಬೀಳೂವಂಥಾ ನೆಲಿ ಒಂದ ಇರ್ತೈತಿ, ಎರಡಿಲ್ಲ. ಅಲ್ಲೀತನಕ ಚಕ್ರಾ ಹಿಂದಕ್ಕ ತಿರಗಿಸಬೇಕು. ಆದರ…” ಶಕುಂತಲಾಬಾಯಿ ತಡೆದರು. “ಇಲ್ಲಿ ಚಕ್ರಕ್ಕ ಕೈ ಹಚ್ಚಾಕ ಯಾರೂ ತಯಾರಿಲ್ಲ. ಈಚಿ ಮಗ್ಗಲಿನ ತೊಟ್ಟಿಲ ಮನಿ ಎಲ್ಲಾ ಕುಗ್ಗತಾವ. ಬಳಿ ತಣ್ಣಗಾಗಿ ಮನಿಯೆಲ್ಲಾ ಚಳಿ ಆಗ್ತೈತಿ. ಕಸ್ತೂರಿಗೆ ಬ್ಯಾನಿ ಎದ್ದಾವ.”

“ನನ್ನ ಮನಿ ಒಂದನ್ನ ಕುಗ್ಗಸಾಕ ಬರೂದಿಲ್ಲೇನು?”

“ಒಂದ ಮನಿ ಅಂಬೂದಿಲ್ಲ ಫಕೀರವ್ವಾ. ತಿರಗಿದ್ರ ಎಲ್ಲಾ ತಿರಗತಾವ. ಮೊದಲನೇ ಮಾತು ಹೆರೂ ಮನಿ ಹಿರೇರು ಹೇಳಬೇಕು ಅಂತಾರ ಇವರು. ನೀವ ಹೇಳ್ರಿ.”

“ಬ್ಯಾಡ ಅಕ್ಕಾ,” ಎಂದು ನಿಂಬೆವ್ವ ಅವಳ ರಟ್ಟೆ ಹಿಡಿದಳು. “ಕೂಸು ಹೊರಗ ಬರ್ಲಿ. ಇಷ್ಟು ವರ್ಷ ತಡದೀವಿ, ಇನ್ನೊಂದು ತಾಸು ತಡೀತೀವಿ. ಹೆರೂ ಮಗಳಿಗೆ ಚಳಿ ಹತ್ತಬಾರದು.”

ಬಿಳಿ ಗೆರೆ ಈಗ ಒಂದು ಗೇಣು ಉದ್ದವಾಗಿತ್ತು. ಆ ಬಳೆ ಬಿರಿದರೆ ಚಳಿ ಹತ್ತಲು ಯಾರೂ ಉಳಿಯುವುದಿಲ್ಲ. ಅದು ಫಕೀರವ್ವನಿಗೆ ಗೊತ್ತಿತ್ತು. ಆದರೂ ಅವಳು ಇನ್ನೊಂದು ಸಲ ಆ ಗೆರೆಯ ಮೇಲೆ ಬೆರಳಾಡಿಸಿದಳು. ಯಾರೋ ಮನೆಯ ಫೋನಿನ ಲೈನನ್ನೂ ಜೋಡಿಸಿರಬೇಕು, ದೂರದಿಂದ ಕಸ್ತೂರಿಯ ಕೂಗು ಕೇಳಿಸಿತು. “ಯವ್ವಾ! ಎಲ್ಲಿದ್ದೀಬೇ!”

“ನಿನ್ನ ಚಿಗವ್ವನ ಮನ್ಯಾಗ ಅದೀನಿ ಮಗಳ,” ಎಂದಳು ಫಕೀರವ್ವ. “ನಿನಗ ಚಳಿ ಹತ್ತತೈತಿ. ಗೌರವ್ವ ಕೌದಿ ಹೊಚ್ಚತಾಳ. ನೂಲು ಬಂದಾವಲ್ಲ, ಅವನ್ನ ಕೈಯಾಗ ಗಟ್ಟಿ ಹಿಡಕೋ. ಬಾಯೀ… ತಿರಗಸ್ರಿ.”

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆನ್ನ ಹಿಂದಿನ ಒತ್ತಡ ಸಡಿಲಿತು. ಬಳೆ ಸರಿಯುವ ಸದ್ದು ಈಗ ಬೇರೆ ಥರ ಇತ್ತು, ಬಹಳ ಹೊತ್ತು ತಲೆಯ ಮೇಲಿದ್ದ ಕೊಡವನ್ನು ಇಳಿಸುವಾಗ ಬರುವ ನಿಟ್ಟುಸಿರಿನ ಹಾಗೆ. ಬಿಳಿ ಗೆರೆ ಬೆಳೆಯುವುದು ನಿಂತಿತು. ಒತ್ತಿನ ಆಚೆಯ ಮನೆಗಳಿಂದ ಮಾತು ಕೇಳಿಸಿತು, ಯಾರೋ ಜೋರಾಗಿ ಅತ್ತರು. ದುಂಡಪ್ಪ ಬಾಗಿಲಿನಿಂದ ಒಳಕ್ಕೆ ಬಂದು ಕೂತ. ಪೂರಾ ಒಳಗೆ.

ಫೋನು ಕೆಳಗಿಟ್ಟಿರಲಿಲ್ಲ. ಅದರಲ್ಲಿ ಕಸ್ತೂರಿಯ ನರಳಾಟ, ಗೌರವ್ವನ ಗದರಿಕೆ, ಯಾರದೋ ಹಲ್ಲು ಕಟಕಟ ಎನ್ನುವುದು. ನಡುವೆ ಒಬ್ಬ ಹೆಂಗಸು ಒತ್ತುಮನೆಗೆ ಬಂದು, ನಮ್ಮ ತೊಟ್ಟಿಲ ಮನಿ ಯಾಕ ಕುಗ್ಗಸಾಕ ಹತ್ತೀರಿ ಎಂದು ಜಗಳ ತೆಗೆದದ್ದೂ ಕೇಳಿಸಿತು. ಕೊನೆಗೆ ಒಂದು ಅಳು ಬಂತು. ಸಣ್ಣದು, ಸಿಟ್ಟಿನದು, ಬಿಡದೆ ಅಳುವಂಥದ್ದು.

“ಹೆಣ್ಣ ಕೂಸು!” ಗೌರವ್ವ ಕೂಗಿದಳು. “ಎರಡೂ ಛಲೋ ಅದಾವು. ಚಳಿಗೆ ಕೂಸು ಏನ್ ಚೀರತೈತಿ ನೋಡ!”

ನಿಂಬೆವ್ವ ನಕ್ಕಳು. ನಗುತ್ತಲೇ ಕಾಲು ಚಾಚಲು ನೋಡಿದಳು. ಮೊಣಕಾಲು ಅರ್ಧಕ್ಕೆ ನಿಂತವು. ಅವು ನೆಟ್ಟಗಾಗುವುದನ್ನೇ ಮರೆತಿದ್ದವು. ಫಕೀರವ್ವ ತಂಗಿಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು.

“ಆ ನೂಲು ಒಗದು ಬಿಡು ಅಕ್ಕಾ,” ಎಂದಳು ನಿಂಬೆವ್ವ. “ಮನಿ ಸರಿ ಆದ ಮ್ಯಾಲ ಉದ್ದಂದು ಕತ್ತರಿಸಿ ಕೊಡ್ತೀನಿ.”

“ಬ್ಯಾಡ. ಹಗ್ಗದಾಗ ಇದ ಇರ್ಲಿ. ಮೊಮ್ಮಗಳು ತೂಗೂದು ಇದರ ಮ್ಯಾಲ ಅಂತ ಆಕಿಗೂ ಗೊತ್ತಿರ್ಲಿ.”

ಎಳೆ ಇನ್ನೂ ನೆಲದ ಮೇಲೆಯೇ ಇತ್ತು. ಗೋಡೆ ಅದನ್ನು ಬಿಟ್ಟು ಹಿಂದೆ ಹಿಂದೆ ಹೋಗುತ್ತಿತ್ತು. ಎಳೆ ಹಾಕಿದ ಸಣ್ಣ ದುಂಡಿನೊಳಗೆ ಅಕ್ಕತಂಗಿಯರು ಕೂತಿದ್ದರು. ಅದರ ಹೊರಗೆ ಬರಿಯ ಕಲ್ಲು ಬಿಚ್ಚಿಕೊಳ್ಳುತ್ತಿತ್ತು, ವರ್ಷಗಟ್ಟಲೆ ಗಾಳಿ ಕಾಣದ, ಬೂದುಬಣ್ಣದ ದೂಳು ಕೂತ ಕಲ್ಲು. ಬಳೆಯ ಕೆಳಗಿನಿಂದ ಮೊದಲು ಒಂದು ಅಂಚು ಕಂಡಿತು, ಆಮೇಲೆ ಒಂದು ಮೂಲೆ, ಆಮೇಲೆ ಮಗ್ಗದ ಕುಣಿ.

ನಿಂಬೆವ್ವ ಅಂಬೆಗಾಲಿಕ್ಕುತ್ತ ಹೋಗಿ ಅದರೊಳಗೆ ಕಾಲು ಇಳಿಬಿಟ್ಟಳು.